ಹಳ್ಳಿ, ತಾಂಡಾ, ಉರ್ದು ಮನೆಗಳ ಆಟಿಸಂ ಮಕ್ಕಳಿಗೆ ಸರ್ಕಾರದ ಹಣ ತಲುಪುವುದು ಹೇಗೆ? (ಕಲಬುರಗಿ, ಬೀದರ್, ಯಾದಗಿರಿ)

ಪ್ರಶ್ನೆ: ಶಾಲಾ ಶಿಕ್ಷಕಿ, ಚಿಂಚೋಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಚಿಂಚೋಳಿ ತಾಲ್ಲೂಕಿನ ತಾಂಡಾ ಒಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಎರಡನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ತೊಗರಿ ರಾಶಿಯ ಕಾಲದಲ್ಲಿ ಅವನು ಒಣಗಿದ ಕಾಯಿಗಳನ್ನು ಜೇಬಿನ ತುಂಬ ತಂದು, ಶಾಲೆಯ ಗೋಡೆಯ ಬುಡದುದ್ದಕ್ಕೂ ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸುತ್ತಾನೆ. ಯಾರಾದರೂ ಒಂದನ್ನು ಸರಿಸಿದರೆ ಮತ್ತೆ ಮೊದಲಿನಿಂದ ಆರಂಭಿಸುತ್ತಾನೆ. ಬಿಸಿಯೂಟದ ತಟ್ಟೆಗಳ ಸದ್ದು ಕೇಳಿದರೆ ಎರಡೂ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಾನೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ತಾಂಡಾದವರು ಅವನನ್ನು ಮೂಕನೆಂದು ತಿಳಿದಿದ್ದಾರೆ. ಆದರೆ ತನ್ನಷ್ಟಕ್ಕೆ ಇರುವಾಗ ಅವನು ಅಜ್ಜಿಯ ಹಾಡಿನ ಸಾಲುಗಳನ್ನು ತಪ್ಪಿಲ್ಲದೆ ಹೇಳಿಕೊಳ್ಳುವುದನ್ನು ನಾನೇ ಕೇಳಿದ್ದೇನೆ.

ಅವನ ತಾಯಿ ಒಮ್ಮೆ ಎರಡು ಬಸ್ಸು ಬದಲಿಸಿ ನಗರದ ಆಸ್ಪತ್ರೆಯೊಂದಕ್ಕೆ ಅವನನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ, ಮನೆಯಲ್ಲಿ ಲಂಬಾಣಿ ಮಾತ್ರ ಆಡುವ ಆಕೆ ತಲೆಯಾಡಿಸಿ ಹೂಂ ಎಂದಷ್ಟೇ ಹೇಳಿ ಬಂದಿದ್ದಾರೆ. ಮುಂದಿನ ತಿಂಗಳು ಬರುವಂತೆ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅಷ್ಟರಲ್ಲಿ ಮನೆಯವರು ಪುಣೆಗೆ ಗುಳೆ ಹೋದರು. ಮತ್ತೆ ಯಾರೂ ಅವರನ್ನು ಕರೆಯಲಿಲ್ಲ.

ಇದು ಆಟಿಸಂ, ಅಂದರೆ ಇತರರೊಂದಿಗೆ ಬೆರೆಯುವ, ಮಾತನಾಡುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ ಇರಬಹುದೆಂದು ನನ್ನ ಅನುಮಾನ. ಆದರೆ ನನ್ನ ಪ್ರಶ್ನೆ ಈ ಒಬ್ಬ ಹುಡುಗನಿಗಷ್ಟೇ ಸಂಬಂಧಿಸಿದ್ದಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದೆಂದು ಒಪ್ಪಿಕೊಂಡಿದೆ. ಹಾಗಿದ್ದರೂ ನಮ್ಮ ಮೂರು ಜಿಲ್ಲೆಗಳ ತಾಂಡಾಗಳಲ್ಲಿ, ಗಡಿಯ ಮರಾಠಿ ಮತ್ತು ತೆಲುಗು ಊರುಗಳಲ್ಲಿ, ಉರ್ದು ಮನೆಮಾತಿನ ಓಣಿಗಳಲ್ಲಿ ಆ ಕಾಯ್ದೆಯ ಫಲ ಏಕೆ ಕಾಣುತ್ತಿಲ್ಲ? ಇದಕ್ಕೆಂದು ಯಾವ ಯಾವ ಹಣ ಇದೆ, ಅದು ಎಲ್ಲಿ ನಿಂತುಹೋಗುತ್ತದೆ, ಅದನ್ನು ನ್ಯಾಯವಾಗಿ ಹಂಚಬೇಕೆಂದು ನಾವು ಯಾರ ಬಳಿ, ಏನೆಂದು ಕೇಳಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ಒಬ್ಬ ತಂದೆ, ಬೀದರ್

ಅಕ್ಕೋರೇ, ನಿಮ್ಮ ಪ್ರಶ್ನೆ ಓದಿ ಬಹಳ ಸಮಾಧಾನವಾಯಿತು, ಏಕೆಂದರೆ ಇದನ್ನು ಶಾಲೆಯ ಕಡೆಯಿಂದ ಕೇಳುವವರು ಅಪರೂಪ. ನಮ್ಮ ಮನೆಮಾತು ಉರ್ದು. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ನನ್ನ ಮಗಳಿಗೆ ಆಟಿಸಂ ಇದೆ. ಅವಳು ಚಿಕ್ಕವಳಿದ್ದಾಗ ಯಾರೊಂದಿಗೂ ಬೆರೆಯದೆ ಮೂಲೆಯಲ್ಲಿ ಕುಳಿತಿರುವುದನ್ನು ನೋಡಿ, ಎಷ್ಟು ಸಂಭಾವಿತ ಹುಡುಗಿ ಎಂದು ಬಂಧುಗಳೆಲ್ಲ ಹೊಗಳುತ್ತಿದ್ದರು. ಗಂಡುಮಗುವಾಗಿದ್ದರೆ ಇಷ್ಟು ಮೌನ ಏಕೆಂದು ಮೊದಲೇ ಕೇಳುತ್ತಿದ್ದರೇನೋ. ಹೆಣ್ಣುಮಕ್ಕಳಲ್ಲಿ ಇದು ತಡವಾಗಿ ಪತ್ತೆಯಾಗುತ್ತದೆ ಎಂದು ಸಂಶೋಧಕರು ಹೇಳುತ್ತಾರೆ. ನಮ್ಮಂಥ ಮನೆಗಳಲ್ಲಿ ಅದು ಇನ್ನಷ್ಟು ತಡವಾಗುತ್ತದೆ.

ನಾವು ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿರುವ, ಬೌದ್ಧಿಕ ಅಂಗವೈಕಲ್ಯವುಳ್ಳವರಿಗಾಗಿ ಕೇಂದ್ರ ಸರ್ಕಾರ ನಡೆಸುವ ಎನ್‌ಐಇಪಿಐಡಿ ಸಂಸ್ಥೆಗೆ ಹೋದೆವು. 1984ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ಬೀದರಿನವರಿಗೆ ಬೆಂಗಳೂರಿನ ನಿಮ್ಹಾನ್ಸ್‌ಗಿಂತಲೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಿಂತಲೂ ಅದು ಎಷ್ಟೋ ಹತ್ತಿರ. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ತಲುಪಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ಹೆಂಡತಿ ಅಲ್ಲಿ ತನ್ನ ಮಾತಿನಲ್ಲೇ ಮಗಳ ಕತೆಯನ್ನು ಹೇಳಿದಳು. ಅದುವರೆಗೆ ಬೇರೆ ಕಡೆಗಳಲ್ಲಿ ನಾನು ಹೇಳುತ್ತಿದ್ದೆ, ಅವಳು ಸುಮ್ಮನೆ ಕುಳಿತಿರುತ್ತಿದ್ದಳು. ಮಗಳು ರಾತ್ರಿ ಎಷ್ಟು ಹೊತ್ತಿಗೆ ಏಳುತ್ತಾಳೆ, ಯಾವ ಬಟ್ಟೆ ಮೈಗೆ ತಾಗಿದರೆ ಕಿರುಚುತ್ತಾಳೆ, ಯಾವ ಬಟ್ಟಲಿನಲ್ಲಿ ಕೊಟ್ಟರೆ ಮಾತ್ರ ಅನ್ನ ತಿನ್ನುತ್ತಾಳೆ ಎಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಾಯಿಯ ಮಾತನ್ನು ಕೇಳಿಸಿಕೊಳ್ಳದೆ ಮಾಡುವ ಯಾವ ತಪಾಸಣೆಯೂ ಪೂರ್ಣವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನು ಕೇಳುವುದು ಇಷ್ಟೇ. ಏಪ್ರಿಲ್ 2ರ ವಿಶ್ವ ಆಟಿಸಂ ಅರಿವಿನ ದಿನದಂದು ಜಿಲ್ಲಾ ರಂಗಮಂದಿರದಲ್ಲಿ ಭಾಷಣ ಮಾಡಿದರೆ ನಮ್ಮ ಓಣಿಯ ತಾಯಂದಿರಿಗೆ ಸುದ್ದಿ ಮುಟ್ಟುವುದಿಲ್ಲ. ಉರ್ದು ಶಾಲೆಯ ಪೋಷಕರ ಸಭೆಯಲ್ಲಿ ಹೇಳಿರಿ, ಮಸೀದಿ ಸಮಿತಿಯವರಿಗೆ ತಿಳಿಸಿ ಶುಕ್ರವಾರದ ನಮಾಜಿನ ನಂತರ ಎರಡು ಮಾತು ಹೇಳಿಸಿರಿ, ಆಶಾ ಕಾರ್ಯಕರ್ತೆಯ ಜೊತೆಗೆ ಉರ್ದು ಬಲ್ಲ ಒಬ್ಬ ಮಹಿಳೆಯನ್ನು ಮನೆಗೆ ಕಳಿಸಿರಿ. ದರ್ಗಾಕ್ಕೆ ಹರಕೆ ಹೊತ್ತು ಬರುವ ತಾಯಿಯನ್ನು ಮೂಢಳೆಂದು ಬೈದರೆ ಆಕೆ ಮತ್ತೆ ನಿಮ್ಮ ಶಿಬಿರಕ್ಕೆ ಕಾಲಿಡುವುದಿಲ್ಲ. ಶಿಬಿರವನ್ನೇ ದರ್ಗಾದ ಬಳಿ ಇಟ್ಟರೆ ಆಕೆ ಎರಡೂ ಕಡೆ ಬರುತ್ತಾಳೆ. 2011ರ ಜನಗಣತಿಯಂತೆ ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಮುಸ್ಲಿಮರು ಸುಮಾರು ಐದನೆಯ ಒಂದು ಭಾಗದಷ್ಟಿದ್ದಾರೆ. ಇಷ್ಟು ಜನರಿಗೆ ಅವರ ಮಾತಿನಲ್ಲಿ ಒಂದು ಕರಪತ್ರವೂ ಸಿಗದಿರುವುದು ನ್ಯಾಯವಲ್ಲ.

ಉತ್ತರ: ಸಂಪನ್ಮೂಲ ಶಿಕ್ಷಕ, ಯಾದಗಿರಿ ಜಿಲ್ಲೆ

ಮೇಡಂ ಅವರೇ, ನಾನು ಬಿಆರ್‌ಸಿಯಲ್ಲಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿಯಾಗಿ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ನೆರವಾಗುವ ಸಂಪನ್ಮೂಲ ಶಿಕ್ಷಕನಾಗಿ ಕೆಲಸ ಮಾಡುತ್ತೇನೆ. ಹಣದ ವಿಷಯಕ್ಕೆ ಬರುವ ಮುನ್ನ ಬಾಗಿಲು ಯಾವುದೆಂದು ಹೇಳಬೇಕು. ಆ ಬಾಗಿಲು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರಿಗೆ ಕೊಡುವ ವಿಶಿಷ್ಟ ಗುರುತಿನ ಚೀಟಿ. ಅದಿಲ್ಲದೆ ಮಾಸಾಶನವಿಲ್ಲ, ಬಸ್ ಪಾಸಿಲ್ಲ, ನಿರಾಮಯ ಆರೋಗ್ಯ ವಿಮೆಯ ದಾರಿಯೂ ಸುಲಭವಲ್ಲ. ಅಂಗವೈಕಲ್ಯದ ಪ್ರಮಾಣ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 79ರವರೆಗೆ ಹಳದಿ, 80 ಮತ್ತು ಅದಕ್ಕೂ ಮೇಲ್ಪಟ್ಟರೆ ನೀಲಿ ಪಟ್ಟಿಯ ಕಾರ್ಡು ಸಿಗುತ್ತದೆ. ಹೆಚ್ಚಿನ ಸೌಲಭ್ಯಗಳು ಶೇ. 40ರಿಂದ ಮೇಲೆಯೇ ಆರಂಭವಾಗುತ್ತವೆ.

ಆಟಿಸಂ ಎಷ್ಟಿದೆ ಎಂದು ಅಳೆಯಲು ನಮ್ಮ ದೇಶದಲ್ಲಿ ಬಳಸುವುದು ಐಎಸ್ಎಎ ಎಂಬ ಅಳತೆಪಟ್ಟಿ. ಅದರಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದರ ಮೇಲೆ ತೀವ್ರ. ಈ ಅಂಕಗಳಲ್ಲಿ ಹೆಚ್ಚಿನವು ಮಗುವನ್ನು ಗಮನಿಸುವುದರಿಂದಲೂ ಪೋಷಕರನ್ನು ಕೇಳುವುದರಿಂದಲೂ ಬರುತ್ತವೆ. ನಿಮ್ಮ ಹುಡುಗನ ತಾಯಿ ಎಲ್ಲದಕ್ಕೂ ಹೂಂ ಎಂದಿದ್ದರೆ ಆ ಅಂಕಗಳಿಗೆ ಏನು ಬೆಲೆ? ಆದ್ದರಿಂದ ಮುಂದಿನ ಸಲ ತಾಂಡಾದಲ್ಲಿ ಕನ್ನಡ ಓದಿದ ಯಾರಾದರೂ ಹುಡುಗಿಯನ್ನು ಜೊತೆಗೆ ಕಳಿಸಿರಿ. ತರಗತಿಯಲ್ಲಿ ನೀವು ಕಂಡದ್ದನ್ನು, ಇಲ್ಲಿ ಬರೆದ ಹಾಗೆಯೇ, ದಿನಾಂಕ ಹಾಕಿ ಒಂದು ಹಾಳೆಯಲ್ಲಿ ಬರೆದು ಕಳಿಸಿರಿ. ಶಿಕ್ಷಕರ ಟಿಪ್ಪಣಿ ವೈದ್ಯರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಇನ್ನು ಪತ್ತೆ ಮಾಡುವ ವ್ಯವಸ್ಥೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಇಂಥ ತೊಂದರೆಗಳಿಗೆ ಬೇಗನೆ ನೆರವು ಕೊಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಕಳಿಸಬೇಕು. ಕಾಗದದ ಮೇಲೆ ಇದು ಒಳ್ಳೆಯ ವ್ಯವಸ್ಥೆ. ಆದರೆ ತಂಡ ಬರುವ ದಿನ ಗುಳೆ ಹೋದ ಮಗು ಊರಿನಲ್ಲಿರುವುದಿಲ್ಲ, ಒಂದೆಡೆ ಕೂರದೆ ಓಡಾಡುವ ಮಗುವನ್ನು ಅಂಗನವಾಡಿಗೆ ಸೇರಿಸಿಕೊಂಡೇ ಇರುವುದಿಲ್ಲ. ಆದ್ದರಿಂದ ಭೇಟಿಯ ದಿನವನ್ನು ದೀಪಾವಳಿಗೆ ಮುನ್ನವೋ ಯುಗಾದಿಗೆ ಜನ ಊರಿಗೆ ಮರಳಿದ ಮೇಲೋ ಇಡಬೇಕೆಂದು ನಾವು ಒತ್ತಾಯಿಸುತ್ತಲೇ ಬಂದಿದ್ದೇವೆ.

ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ) ನಿರಾಮಯ ಯೋಜನೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ವೈದ್ಯಕೀಯ ವೆಚ್ಚವನ್ನು ಭರಿಸುತ್ತದೆ. ಥೆರಪಿಯೂ ಅದರಲ್ಲಿ ಸೇರಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಬಂದ ಯೋಜನೆ ಇದು, ಆಟಿಸಂ ಅದರಲ್ಲಿ ಮೊದಲಿನಿಂದಲೂ ಇದೆ. ತೊಡಕೇನೆಂದರೆ ಮೊದಲು ಕೈಯಿಂದ ಖರ್ಚು ಮಾಡಿ ರಸೀದಿ ಇಟ್ಟುಕೊಂಡು ಆಮೇಲೆ ಹಣ ಕೇಳಬೇಕು. ದಿನಗೂಲಿಯ ಮನೆಗೆ ಮೊದಲ ಖರ್ಚಿನ ಹಣವೇ ಇಲ್ಲದಿರುವಾಗ, ಒಂದು ಲಕ್ಷದ ಮಾತು ಕೇಳುವುದಕ್ಕಷ್ಟೇ ಚೆನ್ನ.

ಉತ್ತರ: ಗ್ರಾಮ ಪಂಚಾಯಿತಿ ಮಾಜಿ ಸದಸ್ಯ, ಆಳಂದ ತಾಲ್ಲೂಕು

ಅಕ್ಕೋರೇ, ಹಣ ಎಲ್ಲಿ ನಿಂತುಹೋಗುತ್ತದೆ ಎಂದು ಕೇಳಿದ್ದೀರಿ. ನಾನು ಪಂಚಾಯಿತಿಯಲ್ಲಿದ್ದಾಗ ಕಂಡದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಅಂಗವಿಕಲರಿಗಾಗಿ ಇರುವ ಅನುದಾನದ ದೊಡ್ಡ ಪಾಲು ಸಂಸ್ಥೆಗಳ ಮೂಲಕ ಹರಿಯುತ್ತದೆ. ಕೇಂದ್ರದ ದೀನದಯಾಳ್ ಪುನರ್ವಸತಿ ಯೋಜನೆಯಾಗಲಿ, ರಾಜ್ಯದ ಶಿಶುಕೇಂದ್ರಿತ ಯೋಜನೆಯಾಗಲಿ, ವಿಶೇಷ ಶಾಲೆ ನಡೆಸುವ ಸಂಸ್ಥೆಗೆ ಮಕ್ಕಳ ಲೆಕ್ಕದಲ್ಲಿ ಹಣ ಕೊಡುತ್ತವೆ. ಸಂಸ್ಥೆ ನಗರದಲ್ಲಿದ್ದರೆ ಹಣವೂ ನಗರದಲ್ಲೇ ಉಳಿಯುತ್ತದೆ. ಕೆರೆಯ ನೀರು ತೂಬಿನ ಹತ್ತಿರದ ಗದ್ದೆಗೆ ಮೊದಲು ಸಿಕ್ಕಿ ಕೊನೆಯ ಹೊಲಕ್ಕೆ ಮುಟ್ಟದಿರುವಂತೆ ಇದು. ಆ ಸಂಸ್ಥೆಗಳು ಮಾಡುವ ಕೆಲಸವನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಅವುಗಳಲ್ಲಿ ಬಹಳಷ್ಟು ಪ್ರಾಮಾಣಿಕವಾಗಿಯೇ ನಡೆಯುತ್ತಿವೆ. ಆದರೆ ಸಂಸ್ಥೆಯೇ ಇಲ್ಲದ ತಾಲ್ಲೂಕಿನ ಮಗುವಿನ ಪಾಲು ಯಾರಿಗೆ ಹೋಯಿತು ಎಂದು ಕೇಳುವ ಹಕ್ಕು ನಮಗಿದೆ.

ಎರಡನೆಯದು, ಪಂಚಾಯಿತಿಯ ಶೇ. 5ರ ಹಣ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕು. ನಿಯಮ ಎಲ್ಲರಿಗೂ ಒಂದೇ ಆಗಿ ಕಂಡರೂ ಫಲ ಒಂದೇ ಅಲ್ಲ. ಸೇಡಂ, ವಾಡಿ ಕಡೆಯಲ್ಲಿ ಸಿಮೆಂಟ್ ಕಾರ್ಖಾನೆಯ ತೆರಿಗೆ ಬರುವ ಪಂಚಾಯಿತಿಯ ಶೇ. 5 ಎಲ್ಲಿ, ಮನೆ ತೆರಿಗೆಯನ್ನೇ ವಸೂಲಿ ಮಾಡಲಾಗದ ತಾಂಡಾ ಪಂಚಾಯಿತಿಯ ಶೇ. 5 ಎಲ್ಲಿ! ಎಲ್ಲಿ ಬಡತನ ಹೆಚ್ಚೋ ಅಲ್ಲಿ ಅಂಗವಿಕಲ ಮಗುವಿನ ಪಾಲು ಕಡಿಮೆಯಾಗುವ ಲೆಕ್ಕ ಇದು. ಅದರ ಮೇಲೆ, ಸಿಕ್ಕ ಅಲ್ಪ ಹಣದಲ್ಲಿ ಊರುಗೋಲು, ಗಾಲಿಕುರ್ಚಿ ಕೊಟ್ಟರೆ ಫೋಟೊ ತೆಗೆದು ಫಲಾನುಭವಿ ಪಟ್ಟಿಗೆ ಹಚ್ಚಲು ಸುಲಭ. ಆಟಿಸಂ ಇರುವ ಮಗುವಿಗೆ ಬೇಕಾದದ್ದು ವಾರಕ್ಕೊಮ್ಮೆ ಮನೆಗೆ ಬಂದು ತಾಯಿಗೆ ಕಲಿಸುವ ಒಬ್ಬ ಮನುಷ್ಯ. ಅದಕ್ಕೆ ಕ್ರಿಯಾಯೋಜನೆಯ ನಮೂನೆಯಲ್ಲಿ ಒಂದು ಸಾಲೂ ಇರುವುದಿಲ್ಲ.

ಮೂರನೆಯದೇ ನನ್ನ ಮುಖ್ಯ ಮಾತು. 2011ರ ಜನಗಣತಿಯಲ್ಲಿ ಅಂಗವಿಕಲರನ್ನು ಎಣಿಸಿದಾಗ ಆಟಿಸಂಗೆ ಪ್ರತ್ಯೇಕ ಅಂಕಣವೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಿಗೆ ಒಬ್ಬರಿಗೆ ಆಟಿಸಂ ಇತ್ತು. ನಮ್ಮಲ್ಲಿ ಪ್ರಮಾಣಪತ್ರ ಪಡೆದವರ ಸಂಖ್ಯೆಯನ್ನೇ ಅಗತ್ಯದ ಸಂಖ್ಯೆಯೆಂದು ಹಿಡಿದು ಬಜೆಟ್ ಮಾಡುತ್ತಾರೆ. ಪ್ರಮಾಣಪತ್ರ ಸಿಗುವುದು ನಗರಕ್ಕೆ ಹತ್ತಿರವಿರುವವರಿಗೆ, ಕನ್ನಡವೋ ಇಂಗ್ಲಿಷೋ ಬಲ್ಲವರಿಗೆ, ದಿನದ ಕೂಲಿ ಬಿಡಲು ಸಾಧ್ಯವಿರುವವರಿಗೆ. ಹಾಗಾಗಿ ಈಗಾಗಲೇ ಸೇವೆ ಇರುವಲ್ಲಿ ಅಗತ್ಯ ಹೆಚ್ಚೆಂದು ತೋರುತ್ತದೆ, ಏನೂ ಇಲ್ಲದಲ್ಲಿ ಅಗತ್ಯವೇ ಇಲ್ಲವೆಂದು ತೋರುತ್ತದೆ, ಮುಂದಿನ ವರ್ಷದ ಹಣವೂ ಅದೇ ಲೆಕ್ಕ ಹಿಡಿದು ಹೋಗುತ್ತದೆ.

ಇದಕ್ಕೆ ದಾರಿ ನಮ್ಮ ಭಾಗದ ಹೋರಾಟದ ಚರಿತ್ರೆಯಲ್ಲೇ ಇದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಜಿಲ್ಲೆಯನ್ನಲ್ಲ, ತಾಲ್ಲೂಕನ್ನು ಘಟಕವಾಗಿ ಹಿಡಿದು ಹಿಂದುಳಿದಿರುವಿಕೆಯನ್ನು ಅಳೆಯಿತು, 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಸಂವಿಧಾನಕ್ಕೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಸೇರಿದ ಮೇಲೆ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿ ಇಂದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಾಗಿದೆ. ಇತ್ತೀಚಿನ ರಾಜ್ಯ ಬಜೆಟ್‌ಗಳಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಘೋಷಿಸಲಾಗಿದೆ. ರಸ್ತೆ, ಕಟ್ಟಡಗಳಿಗೆ ತಾಲ್ಲೂಕಿನ ಹಿಂದುಳಿದಿರುವಿಕೆಯನ್ನು ನೋಡುವ ನಾವು ಮಕ್ಕಳ ಬೆಳವಣಿಗೆಗೂ ಅದೇ ಅಳತೆಗೋಲು ಏಕೆ ಹಿಡಿಯಬಾರದು? ಪ್ರಮಾಣಪತ್ರಗಳ ಸಂಖ್ಯೆಯ ಬದಲು ತಾಲ್ಲೂಕಿನ ಮಕ್ಕಳ ಸಂಖ್ಯೆ, ಜಿಲ್ಲಾ ಕೇಂದ್ರದಿಂದ ಇರುವ ದೂರ, ಗುಳೆ ಹೋಗುವ ಮನೆಗಳು, ಮನೆಮಾತು ಇವುಗಳನ್ನು ಲೆಕ್ಕಕ್ಕೆ ಹಿಡಿದು ಹಣ ಹಂಚಬೇಕು. ಲಂಬಾಣಿ ಮಕ್ಕಳು ಪರಿಶಿಷ್ಟ ಜಾತಿಗೆ ಸೇರಿದವರಾದ್ದರಿಂದ ಪರಿಶಿಷ್ಟರಿಗಾಗಿ ಬಜೆಟ್ಟಿನಲ್ಲಿ ಹಣ ಮೀಸಲಿಡುವ 2013ರ ಉಪಯೋಜನೆ ಕಾಯ್ದೆಯ ಹಣದಲ್ಲೂ ಅವರ ಪಾಲು ಕೇಳಬೇಕು. ಗ್ರಾಮಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಠರಾವಿನಲ್ಲಿ ಬರೆಸಿ ನಕಲು ಪಡೆಯಿರಿ.

ಉತ್ತರ: ವಾಕ್ ಚಿಕಿತ್ಸಕಿ, ಕಲಬುರಗಿ

ಮಾಜಿ ಸದಸ್ಯರು ಹೇಳಿದ ಬಹುತೇಕ ಮಾತುಗಳನ್ನು ನಾನು ಒಪ್ಪುತ್ತೇನೆ, ಆದರೆ ಒಂದು ವಿಷಯದಲ್ಲಿ ನನಗೆ ಆತಂಕವಿದೆ. ಹಣವನ್ನೆಲ್ಲ ತಾಲ್ಲೂಕುಗಳಿಗೆ ಚೂರುಚೂರಾಗಿ ಹಂಚಿದರೆ ಎಲ್ಲಿಯೂ ತಜ್ಞರು ಉಳಿಯುವುದಿಲ್ಲ. ಒಂದು ವಾರದ ತರಬೇತಿ ಪಡೆದವರು ಥೆರಪಿಯ ಹೆಸರಿನಲ್ಲಿ ಮಗುವನ್ನು ಬಲವಂತವಾಗಿ ಕೂಡಿಸಿ, ಕೈ ಹಿಡಿದು ಬರೆಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡೆಂದು ಗದರಿಸಿ, ಮಗು ಮತ್ತಷ್ಟು ಹೆದರಿದ ಮೇಲೆ ನಮ್ಮ ಬಳಿ ಕಳಿಸಿದ್ದನ್ನು ನಾನು ನೋಡಿದ್ದೇನೆ. ಮಗುವಿಗೆ ಆಟಿಸಂ ಇದೆಯೋ, ಕಿವಿ ಕೇಳಿಸುತ್ತಿಲ್ಲವೋ, ಎರಡೂ ಇವೆಯೋ ಎಂದು ಮೊದಲು ತಿಳಿಯಬೇಕು. ಶ್ರವಣ ಪರೀಕ್ಷೆಯ ಉಪಕರಣ, ಪರಿಣತ ಮನಃಶಾಸ್ತ್ರಜ್ಞರು, ಮಕ್ಕಳ ತಜ್ಞರು ಒಂದೇ ಸೂರಿನಡಿ ಇರುವ ಕೇಂದ್ರ ಜಿಲ್ಲೆಗೊಂದಾದರೂ ಗಟ್ಟಿಯಾಗಿ ಬೇಕೇ ಬೇಕು. ಅದರ ಹಣವನ್ನು ಕಡಿತ ಮಾಡಿ ಹಳ್ಳಿಗೆ ಕೊಡಬೇಕೆಂಬ ವಾದವನ್ನು ದಯವಿಟ್ಟು ಮಾಡಬೇಡಿ.

ಪ್ರತಿಕ್ರಿಯೆ: ಸಂಪನ್ಮೂಲ ಶಿಕ್ಷಕ, ಯಾದಗಿರಿ ಜಿಲ್ಲೆ

ಮೇಡಂ, ನಿಮ್ಮ ಆತಂಕ ನ್ಯಾಯವಾದದ್ದು. ಪತ್ತೆ ಮಾಡುವ ಕೆಲಸ ತಜ್ಞರದ್ದೇ. ಆದರೆ ಪತ್ತೆಯಾದ ನಂತರದ ದಿನನಿತ್ಯದ ಕೆಲಸಕ್ಕೆ ತಜ್ಞರನ್ನೇ ಕಾಯಬೇಕೆಂದರೆ ವಡಗೇರಾ, ಹುಣಸಗಿ ಕಡೆಯ ಮಕ್ಕಳು ಕಾಯುತ್ತಲೇ ದೊಡ್ಡವರಾಗುತ್ತಾರೆ. ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ 2 ರಿಂದ 9 ವರ್ಷದ 65 ಮಕ್ಕಳೊಂದಿಗೆ ನಡೆದ ‘ಪಾಸ್’ ಎಂಬ ಅಧ್ಯಯನವನ್ನು ತಾವು ಬಲ್ಲಿರಿ. ಅದರ ಫಲಿತಾಂಶ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ತಾಯ್ತಂದೆಯರಿಗೆ ಕಲಿಸಿದವರು ತಜ್ಞರಲ್ಲ, ತಜ್ಞರ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತರು. ಮಗುವಿನೊಂದಿಗೆ ಆಡುವಾಗ ಅದು ಯಾವುದನ್ನು ನೋಡುತ್ತಿದೆಯೋ ಅದನ್ನೇ ತಾವೂ ನೋಡುವುದು, ಅದು ಮಾಡುವ ಸದ್ದಿಗೆ ಕಾದು ಮರುಸದ್ದು ಮಾಡುವುದು, ಇಂಥದ್ದನ್ನೇ ಅವರು ಕಲಿಸಿದ್ದು. ತಾಯ್ತಂದೆಯರು ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು, ಮಗು ತಾನಾಗಿ ಮಾತುಕತೆಗೆ ತೊಡಗುವುದೂ ಹೆಚ್ಚಿತು.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಈಗಾಗಲೇ ಇದ್ದಾರೆ. ಅವರಲ್ಲಿ ಅನೇಕರು ಸ್ವತಃ ಅಂಗವಿಕಲರು, ಅದೇ ಊರಿನವರು, ಅದೇ ಮಾತಿನವರು. ಅವರಿಗೆ ಗೌರವಧನ ಹೆಚ್ಚಿಸಿ, ಪ್ರಯಾಣ ಭತ್ಯೆ ಕೊಟ್ಟು, ತಮ್ಮಂಥವರು ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ಬಂದು ಮೇಲ್ವಿಚಾರಣೆ ಮಾಡುವ ವ್ಯವಸ್ಥೆಯಾದರೆ ಕೇಂದ್ರವೂ ಉಳಿಯುತ್ತದೆ, ಹಳ್ಳಿಗೂ ಮುಟ್ಟುತ್ತದೆ.

ಪ್ರತಿಕ್ರಿಯೆ: ವಾಕ್ ಚಿಕಿತ್ಸಕಿ, ಕಲಬುರಗಿ

ಮೇಲ್ವಿಚಾರಣೆಯನ್ನು ಬರವಣಿಗೆಯಲ್ಲಿ ಕಡ್ಡಾಯ ಮಾಡಿ, ಅದಕ್ಕೆ ವಾಹನ ಮತ್ತು ಸಂಬಳದ ಹಣವನ್ನು ಪ್ರತ್ಯೇಕವಾಗಿ ತೋರಿಸುವುದಾದರೆ ನನ್ನ ವಿರೋಧವಿಲ್ಲ. ಭಾನುವಾರದ ಉಚಿತ ಸೇವೆಯೆಂದು ಅದನ್ನು ನಮ್ಮ ತಲೆಗೆ ಕಟ್ಟಿದರೆ ಮೂರು ತಿಂಗಳಲ್ಲಿ ನಿಂತುಹೋಗುತ್ತದೆ. ಲಂಬಾಣಿ, ಉರ್ದು, ಮರಾಠಿ, ತೆಲುಗು ಬಲ್ಲ ಸಹಾಯಕಿಯರನ್ನು ಕೇಂದ್ರದಲ್ಲೂ ನೇಮಿಸಬೇಕೆಂಬುದನ್ನು ಇದಕ್ಕೆ ಸೇರಿಸಿರಿ. ದುಭಾಷಿಯಿಲ್ಲದೆ ತಪಾಸಣೆ ಮಾಡುವುದು ನಮಗೂ ಕಷ್ಟವೇ.

ಪ್ರತಿಕ್ರಿಯೆ: ಒಬ್ಬ ತಂದೆ, ಬೀದರ್

ಒಂದು ಮಾತು ಸೇರಿಸುತ್ತೇನೆ. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ತಾಯಂದಿರಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ, ಅದು ನಿಜವಾಗಿಯೂ ದೊಡ್ಡ ಉಪಕಾರ. ಆದರೆ ಆ ದಿನದ ಕೂಲಿಯನ್ನು ಯಾರು ಕೊಡುತ್ತಾರೆ? 2016ರ ಕಾಯ್ದೆಯ 24ನೆಯ ಕಲಮಿನಲ್ಲಿ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಿದೆ. ಸದಸ್ಯರು ಹೇಳಿದ ಠರಾವಿನಲ್ಲಿ ಅದನ್ನೂ ಕೇಳಿರಿ.

ಪ್ರತಿಕ್ರಿಯೆ: ಶಾಲಾ ಶಿಕ್ಷಕಿ, ಚಿಂಚೋಳಿ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ಹುಡುಗನ ಅಜ್ಜಿ ತಾಂಡಾದಲ್ಲೇ ಇದ್ದಾರೆ. ಮನೆಯವರು ಯುಗಾದಿಗೆ ಬರುತ್ತಾರೆಂದು ಹೇಳಿದರು. ಅಷ್ಟರೊಳಗೆ ತರಗತಿಯ ಟಿಪ್ಪಣಿಯನ್ನು ಬರೆದಿಡುತ್ತೇನೆ. ಜೊತೆಗೆ ಹೋಗಲು ಪಿಯುಸಿ ಓದುತ್ತಿರುವ ತಾಂಡಾದ ಹುಡುಗಿಯೊಬ್ಬಳು ಒಪ್ಪಿದ್ದಾಳೆ. ತಾಂಡಾದ ನಾಯಕರೊಂದಿಗೂ ಮಾತನಾಡಿದ್ದೇನೆ. ಸೇವಾಲಾಲ್ ಜಯಂತಿಯ ದಿನ ಸೇರುವ ಜನರ ಮುಂದೆ ಈ ವಿಷಯ ಹೇಳಲು ಅವರು ಸಮಯ ಕೊಡುತ್ತಾರಂತೆ.

ಠರಾವಿನ ಕರಡನ್ನು ಈ ವಾರ ಇಲ್ಲಿ ಹಾಕುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಯುಡಿಐಡಿ ಶಿಬಿರ, ಮನೆಮಾತು ಬಲ್ಲ ಸಹಾಯಕಿ, ಪುನರ್ವಸತಿ ಕಾರ್ಯಕರ್ತರಿಗೆ ತಜ್ಞರ ಮೇಲ್ವಿಚಾರಣೆಯ ತರಬೇತಿ, ಕೂಲಿ ಬಿಟ್ಟು ಬರುವ ಪೋಷಕರಿಗೆ ಭತ್ಯೆ, ಇಷ್ಟನ್ನು ಅದರಲ್ಲಿ ಕೇಳಬೇಕೆಂದಿದ್ದೇನೆ. ಸದಸ್ಯರಲ್ಲಿ ಒಂದು ವಿನಂತಿ: ಗ್ರಾಮಸಭೆಯ ಠರಾವು ಜಿಲ್ಲಾಧಿಕಾರಿಯವರಿಗೂ ಪ್ರದೇಶಾಭಿವೃದ್ಧಿ ಮಂಡಳಿಗೂ ನೇರವಾಗಿ ಹೋಗಬಹುದೇ, ಅಥವಾ ತಾಲ್ಲೂಕು ಪಂಚಾಯಿತಿಯ ಮೂಲಕವೇ ಹೋಗಬೇಕೇ ಎಂಬುದನ್ನು ತಿಳಿಸಿದರೆ ಪ್ರತಿಗಳನ್ನು ಆ ಪ್ರಕಾರ ಸಿದ್ಧಪಡಿಸುತ್ತೇನೆ.